ಬಚ್ಚಲೊಲೆಯ ಮುಂದೆ ನಾಲ್ಕು ನಿಮಿಷ

ಶಿವಮೊಗ್ಗದಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಶುರು ಮಾಡಿದ ಹೊಸದರಲ್ಲಿ ನಾನು ಬಂದವರನ್ನೆಲ್ಲ ಕಲ್ಪನೆಯಲ್ಲೇ ಕಡಲ ತೀರಕ್ಕೆ ಕರೆದೊಯ್ಯುತ್ತಿದ್ದೆ. 'ಕಣ್ಣು ಮುಚ್ಚಿ, ಉಸಿರು ನಿಧಾನ ಆಗಲಿ, ಈಗ ಅಲೆಗಳು ಬಂದು ನಿಮ್ಮ ಪಾದ ಮುಟ್ಟುತ್ತಿವೆ...' ತರಬೇತಿಯಲ್ಲಿ ಕೊಟ್ಟ ಹಾಳೆ ಬಾಯಿಪಾಠವಾಗಿತ್ತು. ತೀರ್ಥಹಳ್ಳಿ ಕಡೆಯ ಒಬ್ಬರು, ಐವತ್ತರ ಆಸುಪಾಸಿನ ಹೆಂಗಸು, ಅಲೆಯ ಮಾತು ಬಂದ ಕೂಡಲೇ ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಕಣ್ಣು ಬಿಟ್ಟರು. 'ನಂಗೆ ನೀರಂದ್ರೆ ಆಗಲ್ಲ ಮೇಡಂ. ನಮ್ಮಣ್ಣ ಹೊಳೇಲಿ ಹೋಗಿದ್ದು.' (ಇಲ್ಲಿ ಬರುವ ಎಲ್ಲರ ಗುರುತನ್ನೂ ಬದಲಿಸಿದ್ದೇನೆ.) ಮೂರು ಸಲ ಭೇಟಿಯಾಗಿದ್ದರೂ ಅವರಿಗೆ ನೆಮ್ಮದಿ ಕೊಡುವ ಜಾಗ ಯಾವುದೆಂದು ನಾನು ಕೇಳಿರಲಿಲ್ಲ. ಆ ತಪ್ಪು ಈಗಲೂ ಮನಸ್ಸಿನಲ್ಲಿದೆ.

ಮುಂದಿನ ವಾರ ಹಾಳೆ ಪಕ್ಕಕ್ಕಿಟ್ಟೆ. 'ಎಲ್ಲಿ ಕೂತರೆ ನಿಮ್ಮ ಮೈ ತಾನಾಗೇ ಹಗುರ ಆಗ್ತಿತ್ತು? ದೊಡ್ಡ ಜಾಗವೇ ಆಗಬೇಕಂತಿಲ್ಲ' ಎಂದು ಕೇಳಿ ಸುಮ್ಮನಾದೆ. ಅವರೂ ಸುಮ್ಮನಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಸುತ್ತುತ್ತಿದ್ದರು. ಗೋಡೆ ಗಡಿಯಾರದಲ್ಲಿ ನಾಲ್ಕು ನಿಮಿಷ ಕಳೆಯಿತು. ಬೆರಳು ನಿಂತಿತು. 'ಬಚ್ಚಲೊಲೆ' ಅಂದರು.

ಮತ್ತೆ ಮೌನ. ಆಮೇಲೆ ಒಂದೊಂದೇ ಬಂತು. ಆಷಾಢದ ಮಳೆ. ಶಾಲೆಯಿಂದ ತೊಯ್ದು ಬಂದು ಹಂಡೆ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದು. ಕೆಂಡದಲ್ಲಿ ಅಮ್ಮ ಸುಡಲು ಹಾಕಿದ ಹಲಸಿನ ಬೀಜ. ನಾನು ಏನನ್ನೂ ಸೇರಿಸಲಿಲ್ಲ. ಒಂದೇ ಒಂದು ಕೇಳಿದೆ: 'ಶಾಖ ಎಲ್ಲಿ ತಾಗ್ತಿದೆ?' 'ಮೊಣಕಾಲಿಗೆ. ಬೆನ್ನಿಗೆ ಇನ್ನೂ ಚಳಿ ಇದೆ.' ಬೆನ್ನಿನ ಆ ಚಳಿ ಯಾವ ತರಬೇತಿಯ ಹಾಳೆಯಲ್ಲೂ ಇರಲು ಸಾಧ್ಯವಿಲ್ಲ. ಅವರು ನಿಜವಾಗಿಯೂ ಒಲೆಯ ಮುಂದೆ ಹೋಗಿ ಕೂತಿದ್ದಾರೆ ಎಂದು ನನಗೆ ಗೊತ್ತಾಗಿದ್ದು ಅದರಿಂದಲೇ.

ಸುಮ್ಮನಿರುವುದನ್ನು ಕಲಿಯಲು ನನಗೆ ಬಹಳ ಸಮಯ ಹಿಡಿಯಿತು. ಮೊದಲೆಲ್ಲ ಕಣ್ಣೀರು ಕಂಡ ತಕ್ಷಣ ನೀರಿನ ಲೋಟ ಮುಂದೆ ಹಿಡಿಯುತ್ತಿದ್ದೆ. ಬಂದವರ ಒಪ್ಪಿಗೆ ಪಡೆದು ಮಾಡಿದ ಒಂದು ರೆಕಾರ್ಡಿಂಗನ್ನು ನನ್ನ ಹಿರಿಯ ಮಾರ್ಗದರ್ಶಕರಿಗೆ ಕೇಳಿಸಿದೆ. ಅವರು ಒಂದು ಕಡೆ ನಿಲ್ಲಿಸಿ, 'ಇಲ್ಲಿ ಯಾಕಮ್ಮ ಮಾತಾಡಿದೆ?' ಎಂದರು. ಹಿಂದಕ್ಕೆ ಹೋಗಿ ಕೇಳಿಕೊಂಡೆ. ಎದುರಿನವರು ಉಸಿರೆಳೆದುಕೊಂಡಿದ್ದು ಕೇಳಿಸಿತು. ಏನೋ ಹೇಳಲಿದ್ದರು. ಅಷ್ಟರಲ್ಲಿ ನನ್ನ ಸಮಾಧಾನದ ಮಾತು ಅಡ್ಡ ಬಂದಿತ್ತು. ಆಡುಮಾತಿನಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಬಿಡುವು ಸರಾಸರಿ 200 ಮಿಲಿಸೆಕೆಂಡಿನಷ್ಟು ಎಂದು ಹತ್ತು ಭಾಷೆಗಳನ್ನು ಹೋಲಿಸಿದ 2009ರ ಅಧ್ಯಯನವೊಂದು ತೋರಿಸಿದೆ. ಅಷ್ಟು ಬೇಗ ಉತ್ತರಿಸಿ ರೂಢಿಯಾದ ನಮಗೆ ಹತ್ತು ಸೆಕೆಂಡೂ ಉದ್ದ ಅನ್ನಿಸುವುದು ಸಹಜ. ಈಗ ನಾನು ಪಾದ ನೆಲಕ್ಕೂರಿ, ನನ್ನ ಉಸಿರನ್ನು ಗಮನಿಸುತ್ತಾ ಕಾಯುತ್ತೇನೆ. ನೀರು ಅವರ ಕೈಗೆಟುಕುವಲ್ಲಿ ಮೊದಲೇ ಇಟ್ಟಿರುತ್ತೇನೆ.

ಹಾಗೆಂದು ಎಲ್ಲರ ಮುಂದೆಯೂ ಸುಮ್ಮನೆ ಕೂರಲಾಗದು. ನಮ್ಮ ಮನೆಗಳಲ್ಲಿ ಮಾತು ಬಿಡುವುದು ಒಂದು ಶಿಕ್ಷೆ. ಕಾಲೇಜು ಹುಡುಗನೊಬ್ಬನ ಮುಂದೆ ನಾನು ಅರ್ಧ ನಿಮಿಷ ಸುಮ್ಮನಿದ್ದಿದ್ದಕ್ಕೆ ಅವನ ಮುಖ ಬಿಳುಚಿತು. 'ಸಾರಿ ಮೇಡಂ' ಅಂದ. ಅವನ ಅಪ್ಪ ಸಿಟ್ಟು ಬಂದರೆ ವಾರಗಟ್ಟಲೆ ಮಾತು ಬಿಡುತ್ತಿದ್ದರಂತೆ. ಅವತ್ತಿನಿಂದ ಮೊದಲ ದಿನವೇ ಎಲ್ಲರಿಗೂ ಹೇಳಿಬಿಡುತ್ತೇನೆ: 'ನಡುವೆ ನಾನು ಸುಮ್ಮನಿರ್ತೀನಿ. ಅದು ಕೋಪ ಅಲ್ಲ, ನಿಮಗೆ ಸಮಯ ಕೊಡ್ತಿರೋದು. ಕಷ್ಟ ಆದ್ರೆ ಕೈ ಎತ್ತಿ ಸಾಕು.' ಫೋನಿನಲ್ಲಿ ಇನ್ನೂ ಎಚ್ಚರ ಬೇಕು. ಲಾಕ್‌ಡೌನಿನಲ್ಲಿ ಪ್ರತಿ ಮೌನಕ್ಕೂ 'ಹಲೋ, ಕೇಳಿಸ್ತಿದೆಯಾ?' ಎನ್ನುತ್ತಿದ್ದರು. ಆಗಾಗ ಮೆಲ್ಲಗೆ 'ಇದ್ದೇನೆ' ಎನ್ನುವುದನ್ನು ರೂಢಿಸಿಕೊಂಡೆ.

ಕಣ್ಣು ಮುಚ್ಚಿದರೂ ಮನಸ್ಸಿನಲ್ಲಿ ಚಿತ್ರವೇ ಕಾಣದವರೂ ಇದ್ದಾರೆ. 1880ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್, 'ಬೆಳಗಿನ ತಿಂಡಿಯ ಮೇಜನ್ನು ಮನಸ್ಸಿಗೆ ತಂದುಕೊಳ್ಳಿ' ಎಂದು ಜನರನ್ನು ಕೇಳಿ, ಕೆಲವರಿಗೆ ಏನೂ ಮೂಡುವುದಿಲ್ಲವೆಂದು ದಾಖಲಿಸಿದ್ದ. 2015ರಲ್ಲಿ ನರವಿಜ್ಞಾನಿ ಆಡಮ್ ಜೆಮನ್ ಮತ್ತು ಜೊತೆಗಾರರು ಅದಕ್ಕೆ ಅಫ್ಯಾಂಟೇಸಿಯಾ ಎಂದು ಹೆಸರಿಟ್ಟರು. ಲೇತ್ ಕೆಲಸದ ಒಬ್ಬರು, 'ಬರೀ ಕತ್ತಲೆ ಮೇಡಂ, ನಾನೇ ಸರಿಯಾಗಿ ಮಾಡ್ತಿಲ್ವೇನೋ' ಎಂದು ನೊಂದುಕೊಂಡರು. ತಪ್ಪು ಅವರದಲ್ಲ ಎಂದು ಮೊದಲು ಹೇಳಿದೆ. ಆಮೇಲೆ ಕೈಗೆ ಏನು ನೆನಪಿದೆ ಎಂದು ಕೇಳಿದೆ. ಆಗಷ್ಟೇ ಮಿಷಿನ್ನಿನಿಂದ ತೆಗೆದ ಕಬ್ಬಿಣದ ನುಣುಪು, ಅದರ ಬಿಸುಪು. ರಾತ್ರಿ ನಿದ್ದೆ ಬಾರದಾಗ ಅವರು ಇವತ್ತಿಗೂ ಅದನ್ನೇ ನೆನೆಯುತ್ತಾರೆ.

ಕಿವಿಯಲ್ಲಿ ಇಲ್ಲದ ದನಿ ಕೇಳುವವರಿಗೆ, ವಾಸ್ತವದ ಎಳೆ ತಪ್ಪಿರುವವರಿಗೆ ನಾನು ಈ ಕಲ್ಪನೆಯ ಅಭ್ಯಾಸ ಮಾಡಿಸುವುದಿಲ್ಲ, ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಹಳೆಯ ಆಘಾತವಿದ್ದವರಿಗೆ ಕಣ್ಣು ಮುಚ್ಚಲು ಹೇಳುವುದಿಲ್ಲ, ನೆಲದ ಮೇಲೆ ಒಂದು ಕಡೆ ನೋಡುತ್ತಿದ್ದರಾಯಿತು.

ತೀರ್ಥಹಳ್ಳಿಯವರು ನನ್ನಲ್ಲಿಗೆ ಬಂದಿದ್ದು ಅಮ್ಮನ ಸಾವಿನ ದುಃಖದಿಂದ. 2021ರ ಕೋವಿಡ್‌ನಲ್ಲಿ ಅಮ್ಮ ಐಸಿಯುನಲ್ಲಿ ತೀರಿಕೊಂಡಿದ್ದರು, ಮಗಳನ್ನು ಒಳಗೆ ಬಿಟ್ಟಿರಲಿಲ್ಲ. ಆ ಮುಚ್ಚಿದ ಬಾಗಿಲು ಪ್ರತಿ ರಾತ್ರಿ ಅವರ ಕಣ್ಣ ಮುಂದೆ ಬರುತ್ತಿತ್ತು. ಆರೇಳು ವಾರ ಬಚ್ಚಲೊಲೆಗೆ ಹೋಗಿ ಬರುವುದನ್ನಷ್ಟೇ ಮಾಡಿದೆವು, ಎದೆ ಬಡಿತ ಏರಿದರೆ ವಾಪಸ್ ಬರಲು ಒಂದು ಜಾಗ ಗಟ್ಟಿಯಾಗಲಿ ಎಂದು. ಆಮೇಲೆ ಒಂದು ದಿನ ಅವರೇ, 'ಇವತ್ತು ಬಾಗಿಲ ಹತ್ರ ಹೋಗೋಣ' ಅಂದರು. ನಡೆದದ್ದು ಬದಲಾಗುವುದಿಲ್ಲ, ಅದು ಇಬ್ಬರಿಗೂ ಗೊತ್ತು. ಅವತ್ತು ಮಾಡಲಾಗದ್ದನ್ನು ಕಲ್ಪನೆಯಲ್ಲಿ ಮಾಡಲು ಅವರಿಗೆ ಅವಕಾಶ ಕೊಡುವುದು ನನ್ನ ಕೆಲಸ. 'ಬಾಗಿಲು ತೆಗೆದಿದೆ ಅಂದುಕೊಳ್ಳಿ. ನಿಮಗೆ ಏನು ಮಾಡಬೇಕು ಅನ್ಸುತ್ತೋ ಮಾಡಿ' ಅಂದೆ.

ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಅವರ ಎರಡೂ ಅಂಗೈ ತೊಡೆಯ ಮೇಲೆ ಮೆಲ್ಲಗೆ ಹಿಂದೆ ಮುಂದೆ ಸರಿಯುತ್ತಿದ್ದವು. ಏನು ಮಾಡುತ್ತಿದ್ದೀರಿ ಎಂದು ನಾನು ಕೇಳಲಿಲ್ಲ. ತುಂಬಾ ಹೊತ್ತಿನ ಮೇಲೆ ತಲೆ ಎತ್ತಿ, ಸೆರಗಿನಿಂದ ಮುಖ ಒರೆಸಿಕೊಂಡರು.

'ಕಾಲು ತಣ್ಣಗಾಗಿತ್ತು ಮೇಡಂ. ಉಜ್ಜಿದೆ. ಹಂಡೆಯಿಂದ ಒಂದು ಚೊಂಬು ಬಿಸಿನೀರು ತಗೊಂಡು ಹೋಗಿದ್ದೆ.'

ಆಮೇಲೆ ಎರಡು ತಿಂಗಳು ಬಂದರು. ಆ ವಿಷಯ ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.