ಅಡಿಕೆ ತಕ್ಕಡಿಯಲ್ಲಿ ತೂಗಿದ ಸ್ಪೀಡ್‌ಬೋಟು

"ತೋಟದ ಭಟ್ರಿಗೆ ಬೋಟು ಯಾಕೆ ಮಾರಾಯ್ರೆ?" ಕುಂಬಳೆ ಪೇಟೆಯಿಂದ ಮಂಗಳೂರು ಬಂದರಿನವರೆಗೆ ಇದನ್ನು ಕೇಳದವರಿಲ್ಲ. ಮೂರು ವರ್ಷ ನಕ್ಕು ಸುಮ್ಮನಿದ್ದೆ. ಕಳೆದ ಜನವರಿಯಲ್ಲಿ ಶಿರಿಯ ಅಳಿವೆಯಿಂದ ಹೊರಗೆ ಹೋಗಿ 36 ನಾಟ್ (ಗಂಟೆಗೆ ಸುಮಾರು 67 ಕಿಲೋಮೀಟರ್) ಮುಟ್ಟಿ ಬಂದೆ. ಈಗ ಬರೆಯಬಹುದು ಅನ್ನಿಸಿತು.

ಬೋಟು ಸಿಕ್ಕಿದ್ದು 2021ರಲ್ಲಿ, ಗೋವಾದ ಒಂದು ಶೆಡ್ಡಿನ ಹಿಂದೆ. ಹದಿನಾರು ಅಡಿ, ಮೂಗು ಚೂಪು, ಮೇಲೆ ಬಳ್ಳಿ ಹಬ್ಬಿತ್ತು. ಕಂಪೆನಿ ಪ್ಲೇಟು ಯಾರೋ ಕಿತ್ತಿದ್ದರು. ಫೋನನ್ನು ಟ್ರಾನ್ಸಮ್ಮಿನ (ಬೋಟಿನ ಹಿಂಬದಿ ಗೋಡೆಯ) ಹತ್ತಿರ ತಳಕ್ಕೆ ಒತ್ತಿ ಹಿಡಿದು ಓರೆ ನೋಡಿದೆ, 24 ಡಿಗ್ರಿ ತೋರಿಸಿತು. ಅಂದರೆ ಆಳವಾದ ವಿ ಆಕಾರದ ತಳ. ಅಲ್ಲೇ ಮನಸ್ಸು ಜಾರಿತು. 1960ರ ಮಯಾಮಿ–ನಸ್ಸಾವು ರೇಸಿನಲ್ಲಿ ಬರ್ಟ್ರಮ್‌ನ 'ಮಾಪಿ' ಬೋಟು ಗೆದ್ದದ್ದು ಡಿಸೈನರ್ ರೇ ಹಂಟ್ ಮಾಡಿದ ಇಂಥ ತಳದಿಂದಲೇ ಅಲ್ವಾ? ನಾಲ್ಕು ವರ್ಷ ಬಿಟ್ಟು ಡಾನ್ ಅರೊನೊವ್ ಡೊನ್ಝಿ ಕಂಪೆನಿ ಶುರು ಮಾಡಿ ಇದೇ ಜಾತಿಯ ಪುಟ್ಟ ಬೋಟುಗಳನ್ನು ಹೊರಗೆ ಬಿಟ್ಟರು. ನನ್ನದು ಡೊನ್ಝಿ ಅಂತ ನಾನು ಹೇಳುವುದಿಲ್ಲ. ಜಾತಿ ಅದೇ, ಅಷ್ಟು ಸಾಕು.

ಬೆಲೆ 1 ಲಕ್ಷ 40 ಸಾವಿರ. ಮೂರು ಕ್ವಿಂಟಾಲ್ ಚಾಲಿ ಅಡಿಕೆಯ ದುಡ್ಡು ಅನ್ನಿ. ಲಾರಿಗೆ ಮತ್ತೆ 38 ಸಾವಿರ. ಅಂಗಳದಲ್ಲಿ ಇಳಿಸಿದ ದಿನ ಮನೆಯವಳು ಕೇಳಿದ್ದು ಒಂದೇ: "ಅಡಿಕೆ ಎಲ್ಲಿ ಹರಡುವುದು?"

ಮೊದಲ ತಪ್ಪು ಎಂಜಿನಿನ ಆಸೆ. ಒಳಗೆ ನಾಲ್ಕು ಸಿಲಿಂಡರಿನ ಮರ್ಕ್ರೂಸರ್ 140 ಇತ್ತು, 3 ಲೀಟರಿನದು. ಹಳೇ ಬೋಟಿಗೆ ಹಳೇ ಎಂಜಿನೇ ಚಂದ ಅಂತ ಹಟ ಹಿಡಿದೆ. ಹೆಡ್ ಇಳಿಸಿದೆ, ಕಾರ್ಬ್ಯುರೇಟರ್ ಕಿಟ್ ತರಿಸಿದೆ, ಸ್ಟಾರ್ಟರ್ ಕಟ್ಟಿಸಿದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಒಳಗಿನಿಂದ ತಿಂದು ಹೋಗಿ ಎರಡು ಸಿಲಿಂಡರಿಗೆ ಉಪ್ಪುನೀರು ಇಳಿದದ್ದು ಗೊತ್ತಾಗುವಾಗ ಅರವತ್ತು ಸಾವಿರ ಮುಗಿದಿತ್ತು. ಗುಜರಿಗೆ ಹಾಕಿದಾಗ ಹನ್ನೊಂದು ಸಾವಿರ ಬಂತು. ಅದರಲ್ಲಿ ಮನೆಗೆ ಮಿಕ್ಸಿ ತಂದೆ. ಶಾಂತಿಗೆ.

ಎಲ್ಲರೂ ಹೇಳಿದ್ದು ಒಂದೇ ಮಾತು. ಆಳ ವಿ ತಳ, ನೀರಿನ ಮೇಲೆ ಎಬ್ಬಿಸಿ ಓಡಿಸಬೇಕಾದರೆ 150 ಎಚ್‌ಪಿ ಬೇಕೇ ಬೇಕು. ಬಂದರಿನ ಒಬ್ಬ ಮೆಕ್ಯಾನಿಕ್ ಅಣ್ಣ ಲಾರಿಯ ಡೀಸೆಲ್ ಕೂರಿಸಿ ಅಂದರು. ಟ್ರಾಲರ್ ಲೆಕ್ಕದಲ್ಲಿ ಅದು ಸರಿ. ನನಗೆ ಹೊಳೆದದ್ದು ಬೇರೆ. ಎಚ್‌ಪಿ ಕೇಳುವ ಮೊದಲು ಬೋಟು ಎಷ್ಟು ತೂಗುತ್ತದೆ ಅಂತ ಕೇಳಬೇಕಲ್ಲ. ಅಡಿಕೆ ತೂಗುವ ತಕ್ಕಡಿ ಮನೆಯಲ್ಲೇ ಇದೆ. ಅವತ್ತಿನಿಂದ ಬೋಟಿನಿಂದ ಹೊರಬಂದ ಪ್ರತಿಯೊಂದು ವಸ್ತುವೂ ತಕ್ಕಡಿ ಹತ್ತಿತು. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟೆ.

ನೆಲ ಕತ್ತರಿಸಿದಾಗ ನಿಜ ಹೊರಬಂತು. ಕೆಳಗಿನ ಫೋಮು ಸ್ಪಂಜಿನ ಹಾಗೆ ನೀರು ಕುಡಿದು ಕೂತಿತ್ತು. ಬಕೆಟಿಗೆ ತುಂಬಿ ತುಂಬಿ ತೂಗಿದೆ, ಎಲ್ಲ ಸೇರಿ 130 ಕೆಜಿ ಹತ್ತಿರ. ಕೊಳೆತ ಸ್ಟ್ರಿಂಗರ್ (ತಳದ ಉದ್ದಕ್ಕೆ ಹೋಗುವ ಮರದ ತೊಲೆ), ನೆಲದ ಹಲಗೆ ಇನ್ನೊಂದು 90. ಎಂಜಿನ್, ಅದರ ಹಿಂದೆ ಫ್ಯಾನು ತಿರುಗಿಸುವ ಡ್ರೈವ್ ಎರಡೂ ಸೇರಿ ಮುನ್ನೂರು ಚಿಲ್ಲರೆ. ಅಂದರೆ 140 ಎಚ್‌ಪಿ ಇಷ್ಟು ವರ್ಷ ಎಳೆಯುತ್ತಿದ್ದದ್ದರಲ್ಲಿ ಒಂದು ಪಾಲು ಬರೀ ನೀರು! 150 ಹಾಕಿ ಅಂದವರಲ್ಲಿ ಒಬ್ಬರೂ ನೆಲ ಬಿಚ್ಚಿ ನೋಡಿರಲಿಲ್ಲ.

ಸ್ಟ್ರಿಂಗರ್ ತೆಗೆಯುವಾಗ ಬೋಟಿನ ಹೊಟ್ಟೆ ಬಾಗದ ಹಾಗೆ ಹೊರಗಿನಿಂದ ಅಡಿಕೆ ಸಲಾಕೆಯನ್ನು ಒತ್ತೊತ್ತಾಗಿ ಕಟ್ಟಿ, ಕೆಳಗೆ ತೆಂಗಿನ ತುಂಡು ಕೊಟ್ಟೆ. ಸಲಾಕೆ ತಳದ ಆಕಾರಕ್ಕೆ ಚೆನ್ನಾಗಿ ಬಗ್ಗುತ್ತದೆ. ಖರ್ಚು ಸೊನ್ನೆ.

ಹೊಸ ಸ್ಟ್ರಿಂಗರಿಗೆ ಹೆಬ್ಬಲಸು. ಇಲ್ಲಿ ನನ್ನ ಎರಡನೇ ತಪ್ಪು. ಹಳಬರು ದೋಣಿಯ ಮರಕ್ಕೆ ಗೇರೆಣ್ಣೆ ಹೊಡೆಯುತ್ತಿದ್ದರಲ್ಲ, ಹುಳ ಮುಟ್ಟುವುದಿಲ್ಲ. ನಾನೂ ಎರಡು ಕೋಟು ಹೊಡೆದು ಒಣಗಿಸಿ, ಮೇಲೆ ಪಾಲಿಯೆಸ್ಟರ್ ರೆಸಿನ್ ಎಂಬ ಅಂಟಿನಲ್ಲಿ ಮ್ಯಾಟ್ (ಗಾಜುನಾರಿನ ಹಾಸು) ಎಳೆದೆ. ಮರುದಿನ ಅಂಟಂಟು. ಮೂರನೇ ದಿನವೂ ಅಂಟಂಟು. ವಾರ ಬಿಟ್ಟು ಚಾಕು ತೂರಿಸಿದರೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಂತು. ಗೇರೆಣ್ಣೆಯಲ್ಲಿರುವ ಫೀನಾಲ್ ಪಾಲಿಯೆಸ್ಟರನ್ನು ಗಟ್ಟಿಯಾಗಲು ಬಿಡುವುದಿಲ್ಲ. ಫೈಬರ್ ಮೇಸ್ತ್ರಿ ಇಚ್ಚ ಬಂದು ನೋಡಿ, "ಭಟ್ರೆ, ಮರದ ದೋಣಿಯ ಮದ್ದು ಮರದ ದೋಣಿಗೆ" ಅಂದರು. ಹದಿನೆಂಟು ಸಾವಿರದ ಮಾಲು ಕೆರೆದು ಬಿಸಾಡಿದೆ. ಎರಡನೇ ಸಲ ಬರೀ ಮರ, ಎಪಾಕ್ಸಿ ಅಂಟು.

ಅಷ್ಟು ಹೊತ್ತಿಗೆ ಮಳೆಗಾಲ ಬಂತು. ನಮ್ಮ ಕಡೆ ಜೂನಿನಿಂದ ಫೈಬರ್ ಕೆಲಸದವರು ಕೈ ಕಟ್ಟಿ ಕೂರುತ್ತಾರೆ. ಮ್ಯಾಟ್ ಥಂಡಿ ಎಳೆದರೆ ಮುಗಿಯಿತು. ಇಚ್ಚ ಕೂಡ ಓಣಂ ಕಳೆಯಲಿ ಅಂದರು. ನನ್ನ ಕಣ್ಣು ಸೋಲಾರ್ ಗೂಡಿನ ಮೇಲೆ ಬಿತ್ತು. ಅಡಿಕೆ ಒಣಗಿಸುವ ಅದೇ ಪ್ಲಾಸ್ಟಿಕ್ ಗೂಡು. ಮಳೆ ಬಿಟ್ಟು ಎರಡು ಗಂಟೆ ಬಿಸಿಲು ಬಿದ್ದರೂ ಒಳಗೆ ಬೆವರು ಇಳಿಯುತ್ತದೆ. ಒಂದು ಬದಿ ಬಿಚ್ಚಿ ಬೋಟನ್ನು ಒಳಗೆ ತಳ್ಳಿದೆವು. ಮ್ಯಾಟಿನ ರೋಲನ್ನು ಎರಡು ದಿನ ಮೊದಲೇ ಒಳಗೆ ಇಟ್ಟು ಒಣಗಿಸುವುದು, ಬೆಳಿಗ್ಗೆ ಹತ್ತರಿಂದ ಎರಡರ ಒಳಗೆ ಎಳೆಯುವುದು. ಅಡಿಕೆಗೆ ಹಾಕುವ ಹಾಗೆ ಹೊಗೆಬೆಂಕಿ ಹಾಕುವ ಹಾಗಿಲ್ಲ. ರೆಸಿನಿನಿಂದ ಏಳುವ ಸ್ಟೈರೀನ್ ಆವಿಗೆ ಒಂದು ಕಿಡಿ ಸಾಕು. ಬಿಸಿಲು ಜಾಸ್ತಿಯಾದ ದಿನ ಹಾರ್ಡ್ನರ್ ಒಂದು ಪರ್ಸೆಂಟಿಗೆ ಇಳಿಸಿದರೂ ಬಕೆಟಿನಲ್ಲೇ ಹೊಗೆ ಎದ್ದು ಗಟ್ಟಿಯಾಗಿದ್ದು ಮೂರು ಸಲ. ಆದರೂ ಜುಲೈಯಲ್ಲಿ ಎಳೆದ ಪದರವನ್ನು ಕೊರೆದು ನೋಡಿ ಇಚ್ಚ ಮಾತಾಡಲಿಲ್ಲ. ಅವರು ಮಾತಾಡದಿದ್ದರೆ ಪಾಸು ಅಂತ ಅರ್ಥ.

ಒಂದು ನಷ್ಟ ಮಾತ್ರ ಆಯಿತು. ಆ ವರ್ಷ ಗೂಡಿನಲ್ಲಿ ಒಣಗಿದ ಅಡಿಕೆಗೆ ರೆಸಿನ್ ವಾಸನೆ ಹಿಡಿಯಿತು. ಮಂಡಿಯವರು ಮೂಸಿ ನೋಡಿ ಕಿಲೋಗೆ ಇಪ್ಪತ್ತು ರೂಪಾಯಿ ಕಡಿಮೆ ಮಾಡಿದರು. ಮನೆಯಲ್ಲಿ ಈ ವಿಷಯ ಈಗಲೂ ಎತ್ತುವ ಹಾಗಿಲ್ಲ.

ಇನ್ನೊಂದು ಎಡವಟ್ಟು ಕೇಳಿ. ಬೋಟಿನ ಹಿಂದೆ ಕೂರುವ ಅಲ್ಯೂಮಿನಿಯಂ ಟ್ರಿಮ್ ಪ್ಲೇಟುಗಳನ್ನು ಪಾಲಿಶ್ ಮಾಡಿಸಿ ಕೊಟ್ಟಿಗೆಯ ಅಟ್ಟದಲ್ಲಿಟ್ಟಿದ್ದೆ. ಪಕ್ಕದಲ್ಲೇ ಅಡಿಕೆಗೆ ಹೊಡೆಯುವ ಬೋರ್ಡೋ ಮದ್ದಿನ ಮೈಲುತುತ್ತಿನ (ತಾಮ್ರದ ಉಪ್ಪಿನ) ಚೀಲ. ಮಳೆನೀರು ತಾಗಿ ಮೈಲುತುತ್ತು ಕರಗಿ ಇಳಿದಿದೆ. ತಿಂಗಳು ಬಿಟ್ಟು ನೋಡಿದರೆ ಪ್ಲೇಟಿನ ತುಂಬ ಇರುವೆ ಕೊರೆದ ಹಾಗೆ ತೂತು. ತಾಮ್ರ ತಾಗಿದ ಅಲ್ಯೂಮಿನಿಯಂ ಉಳಿಯುವುದಿಲ್ಲ. ಬೋಟಿನ ತಳಕ್ಕೆ ತಾಮ್ರದ ಪೇಂಟು ಹಾಕಬೇಕು ಅಂತಿದ್ದ ನನ್ನ ಯೋಚನೆ ಅಲ್ಲಿಗೇ ನಿಂತಿತು.

ಎಂಜಿನಿಗೆ ಬರುತ್ತೇನೆ. ಕೊಚ್ಚಿಯ ಕಡೆ ಒಂದು ರೆಸಾರ್ಟಿನವರು ಮಾರಿದ್ದು, ಟ್ರಾನ್ಸಮ್ಮಿನ ಹೊರಗೆ ನೇತು ಹಾಕುವ ನಾಲ್ಕು ಸ್ಟ್ರೋಕಿನ ಯಮಹಾ, 115 ಎಚ್‌ಪಿ. ಮೂರು ಲಕ್ಷ ಹತ್ತು ಸಾವಿರ. ನಾಲ್ಕು ಸಿಲಿಂಡರಿನ ಕಂಪ್ರೆಷನ್ ಐದು ಪಿಎಸ್‌ಐ ವ್ಯತ್ಯಾಸದ ಒಳಗೆ ಬಂತು. ಖುಷಿಯಲ್ಲಿ ಶಾಫ್ಟ್, ಅಂದರೆ ಎಂಜಿನಿನ ಕಾಲಿನ ಉದ್ದ, ಅಳೆಯಲು ಮರೆತೆ. 20 ಇಂಚು ಅಂತಲೇ ಅಂದುಕೊಂಡು ಟ್ರಾನ್ಸಮ್ಮನ್ನು ಮೊದಲೇ ಕೆಳಗೆ ಕತ್ತರಿಸಿ ಕಟ್ಟಿ ಮುಗಿಸಿದ್ದೆ. ಮನೆಗೆ ತಂದು ಟೇಪು ಹಿಡಿದರೆ 25! ಕತ್ತರಿಸಿದ್ದನ್ನು ಮತ್ತೆ ಕಟ್ಟಿದೆವು. ಇಚ್ಚ ಒಂದು ವಾರ ನಕ್ಕರು. ಈಗ ನೋಡಿದರೆ ಒಳ್ಳೆಯದೇ ಆಯಿತು. ಅಳಿವೆಯಲ್ಲಿ ನಿಂತಾಗ ಹಿಂದಿನಿಂದ ಅಲೆ ಒಳಗೆ ನುಗ್ಗುವುದಿಲ್ಲ. ಡ್ರೈವಿನ ಹಳೇ ದೊಡ್ಡ ತೂತು ಮುಚ್ಚಿದ್ದು, ಹದಿನೆಂಟು ಎಂಎಂ ಮರೈನ್ ಪ್ಲೈ ಜೋಡಿಸಿದ್ದು ಬೋಟು ಕೆಲಸದವರಿಗೆಲ್ಲ ಗೊತ್ತಿರುವ ಕೆಲಸ, ಬಿಡಿ. ಹಳೇ ಫೈಬರ್ ಪೆಟ್ರೋಲ್ ಟ್ಯಾಂಕನ್ನು ಮಾತ್ರ ಯಾರೂ ಉಳಿಸಬೇಡಿ. ಈಗಿನ ಎಥನಾಲ್ ಪೆಟ್ರೋಲ್ ಆ ರೆಸಿನನ್ನು ಕರಗಿಸಿ ಎಂಜಿನಿಗೆ ಕುಡಿಸುತ್ತದೆ. ನಾನು ಪ್ಲಾಸ್ಟಿಕ್ ಟ್ಯಾಂಕು, ನೀರು ಬೇರೆ ಮಾಡುವ ಫಿಲ್ಟರು ಹಾಕಿದ್ದೇನೆ.

ತಕ್ಕಡಿ ಲೆಕ್ಕದಲ್ಲಿ ಬೋಟು ಸುಮಾರು 230 ಕೆಜಿ ಹಗುರ ಆಗಿತ್ತು. ಮೀಸೆ ತಿರುವಿಕೊಂಡು ನೀರಿಗೆ ಇಳಿಸಿದೆ. ಇಪ್ಪತ್ತೆರಡು ನಾಟ್ ದಾಟಿದ್ದೇ ತಡ, ಮೂಗು ಎತ್ತಿ ಬಡಿಯಲು ಶುರು. ಕಟ್ಟಿ ಹಾಕಿದ ಕರುವಿನ ಹಾಗೆ ಕುಣಿತ. ಟ್ರಿಮ್, ಅಂದರೆ ಎಂಜಿನಿನ ಓರೆ, ಪೂರ್ತಿ ಒಳಗೆ ತಂದರೆ ಕುಣಿತ ನಿಲ್ಲುತ್ತದೆ, ಸ್ಪೀಡೂ ನಿಲ್ಲುತ್ತದೆ. ದಡದಲ್ಲಿದ್ದವರಿಗೆ ಹಬ್ಬ. "150 ಹಾಕಿ ಅಂತ ಹೇಳಲಿಲ್ವಾ?"

ತಪ್ಪು ಎಚ್‌ಪಿಯದಲ್ಲ. ಹಳೇ ಎಂಜಿನ್ ಟ್ರಾನ್ಸಮ್ಮಿನಿಂದ ಎರಡೂವರೆ ಅಡಿ ಮುಂದೆ ಕೂತಿತ್ತು. ಹೊಸದು 190 ಕೆಜಿ, ಅದೂ ಟ್ರಾನ್ಸಮ್ಮಿನ ಹಿಂದೆ ನೇತಾಡುತ್ತಿದೆ. ತೂಕ ಇಳಿಯಿತು, ಜಾಗ ಕೆಟ್ಟಿತು. ಕಾಗದದಲ್ಲಿ ಲೆಕ್ಕ ಹಾಕುತ್ತಾ ಕೂರುವ ಬದಲು ಗೋಣಿ ತಂದೆ. ಹೊಳೆ ಮರಳು ಮುಟ್ಟಿದರೆ ಕೇಸು, ಹಾಗಾಗಿ ತೋಟದ ಮಣ್ಣನ್ನೇ ತಕ್ಕಡಿಯಲ್ಲಿ ತೂಗಿ ಹದಿನೈದು ಕೆಜಿಯಂತೆ ಹನ್ನೆರಡು ಚೀಲ ಕಟ್ಟಿದೆ. ಬೆಳಿಗ್ಗೆ ಆರೂವರೆಗೆ ಹೊಳೆಗೆ. ಎರಡು ಚೀಲ ಮುಂದೆ, ಓಡಿಸು, ಬರೆದಿಡು. ನಾಲ್ಕು ಚೀಲ, ಮತ್ತೆ ಓಡಿಸು. ಸ್ಪೀಡ್‌ಬೋಟಿಗೆ ಮಣ್ಣು ಹೇರುವ ಹುಚ್ಚ ಭಟ್ರು ಅಂತ ಹೆಸರು ಬಂತು. ಐದನೇ ದಿನ, ಟ್ರಾನ್ಸಮ್ಮಿನಿಂದ ಸುಮಾರು ಏಳು ಅಡಿ ಮುಂದೆ ಆರು ಚೀಲ ಇಟ್ಟಾಗ ಕುಣಿತ ಪೂರ್ತಿ ನಿಂತಿತು. ಚೀಲ ತೆಗೆದು ಅದೇ ಜಾಗಕ್ಕೆ ಟ್ಯಾಂಕು, ಎರಡು ಬ್ಯಾಟರಿ ತಂದೆ. ಕೇಬಲ್ ಉದ್ದ ಆಯಿತು, ಅದಕ್ಕೆ ಆರು ಸಾವಿರ ಚಿಲ್ಲರೆ. ಕೇಬಲ್ ಬಿಟ್ಟರೆ ಹೊಸದಾಗಿ ಒಂದು ಕಿಲೋ ಕೂಡ ಸೇರಿಸಲಿಲ್ಲ.

ಫ್ಯಾನಿನ (ಪ್ರೊಪೆಲ್ಲರಿನ) ಕಥೆ ಬೇಗ ಹೇಳಿ ಮುಗಿಸುತ್ತೇನೆ. ಪಿಚ್ ಅಂದರೆ ಫ್ಯಾನು ಒಂದು ಸುತ್ತಿಗೆ ಮುಂದೆ ತಳ್ಳುವ ಇಂಚಿನ ಲೆಕ್ಕ. 17 ಪಿಚ್ ಹಾಕಿದರೆ ಎಂಜಿನ್ ನಿಮಿಷಕ್ಕೆ 6000 ಸುತ್ತು ದಾಟಿ ಕಿರುಚುತ್ತದೆ, ಸ್ಪೀಡು 34 ನಾಟಿಗೆ ನಿಲ್ಲುತ್ತದೆ. 19ರಲ್ಲಿ 5600 ಹತ್ತಿರ, 36 ನಾಟ್. ಹೋಗುವಾಗ, ಬರುವಾಗ ಎರಡೂ ಕಡೆ ಜಿಪಿಎಸ್ ನೋಡಿದ ಲೆಕ್ಕ. ಮಧ್ಯಾಹ್ನದ ಗಾಳಿ ಏಳುವ ಮೊದಲಿನ ಕಡಲಿನಲ್ಲಿ. ಎಂಜಿನನ್ನು ಬೋಲ್ಟಿನ ಎಷ್ಟು ತೂತು ಮೇಲೆ ಎತ್ತಿದೆ, ತಳದ ಕೊನೆಯ ಎರಡು ಅಡಿಯಲ್ಲಿ ಏನು ತೀಡಿದೆ ಎನ್ನುವುದು ನನ್ನ ಹತ್ತಿರವೇ ಇರಲಿ. ಅದಕ್ಕೆ ನಾನು ಒಂದು ಬೇಸಗೆ ಪೂರ್ತಿ ಕೊಟ್ಟಿದ್ದೇನೆ.

ಇಪ್ಪತ್ತೆರಡು ನಾಟಿನಲ್ಲಿ ಗಂಟೆಗೆ ಹದಿನೇಳು, ಹದಿನೆಂಟು ಲೀಟರ್ ಕುಡಿಯುತ್ತದೆ. ಪೂರ್ತಿ ಒತ್ತಿದರೆ ನಲವತ್ತರ ಹತ್ತಿರ. ಹಾಗಾಗಿ ಪೂರ್ತಿ ಒತ್ತುವುದು ನೆಂಟರು ಬಂದಾಗ ಮಾತ್ರ.

ಒಟ್ಟು ಖರ್ಚು ಎಂಟೂವರೆ ಲಕ್ಷ ದಾಟಿತು. ಫೈಬರ್ ಮಾಲಿಗೆ 1.3 ಲಕ್ಷ, ಕೂಲಿ 80 ಸಾವಿರ, ಹೈಡ್ರಾಲಿಕ್ ಸ್ಟಿಯರಿಂಗು, ಕಂಟ್ರೋಲು, ಮೀಟರು ಸೇರಿ 70, ಎರಡು ಫ್ಯಾನಿಗೆ 35. ಮನೆಯಲ್ಲಿ ಹೇಳಿದ ಲೆಕ್ಕ ಐದು. ರಿಜಿಸ್ಟ್ರೇಷನ್ ಕಾಗದಕ್ಕೆ ಅಲೆದ ಬಸ್ ಚಾರ್ಜು ಇದರಲ್ಲಿ ಸೇರಿಲ್ಲ.

ಒಂದು ತೊಂದರೆ ಬಾಕಿ ಇದೆ. 34 ನಾಟಿನ ಮೇಲೆ ಬೋಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಾಡುತ್ತದೆ. ಸ್ಟಿಯರಿಂಗಿನಲ್ಲಿ ಸಣ್ಣ ಸಣ್ಣ ತಿದ್ದುಪಡಿ ಮಾಡುತ್ತಾ ಹಿಡಿಯಬೇಕು, ಕೈ ಬಿಟ್ಟರೆ ಕೆಲಸ ಕೆಟ್ಟಿತು. ಡ್ರೈವರ್ ಸೀಟು ಇಲ್ಲದ ಆಚೆ ಬದಿಗೆ ಒಂದು ಬ್ಯಾಟರಿ ಸರಿಸಿ ನೋಡಬೇಕು ಅಂತಿದ್ದೇನೆ. ಅದಕ್ಕೆ ತಕ್ಕಡಿ ಬೇಕು. ತಕ್ಕಡಿ ಈಗ ಇಚ್ಚನ ಶೆಡ್ಡಿನಲ್ಲಿದೆ. ಅವರ ಹಳೇ ಗಿಲ್‌ನೆಟ್ ಮೀನು ದೋಣಿಯ ನೆಲ ಬಿಚ್ಚಿದ್ದಾರಂತೆ, ಫೋಮು ತೂಗುತ್ತಿದ್ದಾರೆ.