ಸಾಲಿ ನೋಡಾಕ ಹೋಗೂದು ಹೆಂಗ? ಬಿಡುವಿನ ಗಂಟಿ ಹೊಡಿಯೂ ಟೈಮಿಗೆ ಹೋಗ್ರಿ

ಎಪ್ರಿಲ್ ಬಂತಂದ್ರ ಹುಬ್ಬಳ್ಳ್ಯಾಗ ಎಲ್ಲಾರ್ದೂ ಒಂದ ರಗಳಿ, ಸರ್ಕಾರಿ ಸಾಲಿಗೆ ಹಾಕೂದೋ ಪ್ರೈವೇಟಿಗೋ ಅಂತ. ಎಲ್ಲೆರ ಹಾಕ್ರಿ, ಆದ್ರ ಮೊದಲ ಒಳಗ ಹೋಗಿ ನೋಡ್ರಿ, ಅದೂ ಅವರು ಕರದ ಟೈಮಿಗಲ್ಲ, ಬಿಡುವಿನ ಹೊತ್ತಿಗೆ.

ನಾನು ಮಗಳ ಸಲುವಾಗಿ ವಿದ್ಯಾನಗರ, ನವನಗರ ಎಲ್ಲಾ ಸುತ್ತಿದೆ. ಒಂದ್ ಕಡೆ ಗಾಜಿನ ಆಫೀಸು, ಎಸಿ, ಗ್ವಾಡಿ ತುಂಬ ಟಾಪರ್ ಫೋಟೊ, ಆದ್ರ ಮ್ಯಾಡಮ್ ವರಾಂಡಾಕ್ಕ ಬಂದ್ರ ಸಾಕು ಹುಡುಗುರು ಗ್ವಾಡಿಗೆ ಅಂಟ್ಕೊಂಡು ನಿಲ್ತಿದ್ವು. ಇನ್ನೊಂದು ಹಂಚಿನ ಸರ್ಕಾರಿ ಸಾಲಿ, ಅಲ್ಲಿ ಒಂದ್ ಸಣ್ಣ ಹುಡುಗಿ ಅಕ್ಕೋರ ಸೆರಗ ಜಗ್ಗಿ 'ಈ ಲೆಕ್ಕ ತಿಳೀಲಿಲ್ರಿ' ಅಂತು, ಅವರು ಚಾದ ಕಪ್ ಕಟ್ಟಿ ಮ್ಯಾಲಿಟ್ಟು ಅಲ್ಲೇ ಫರಸಿ ಮ್ಯಾಲೆ ಸುಣ್ಣದಕಡ್ಡಿಲೆ ಬರದು ತೋರಿಸಿದ್ರು. ನಾ ಹುಡುಕ್ತಿದ್ದದ್ದು ಇದನ್ನ. ತಿಳೀಲಿಲ್ಲ ಅನ್ನಾಕ ಹೆದರೂ ಹುಡುಗ ಮುಂದ ಗಣಿತಾನ ಕೈ ಬಿಡ್ತಾನ. (ಎಲ್ಲಾ ಸರ್ಕಾರಿ ಸಾಲಿ ಹಿಂಗ ಅಂತಲ್ಲ, ಮತ್ತೊಂದರಾಗ ಮಾಸ್ತರು ಮೊಬೈಲ್ನ್ಯಾಗ ಮುಳುಗಿದ್ರು.)

ಆಮ್ಯಾಲೆ ಶೌಚಾಲಯ ನೋಡ್ರಿ, ನೀರು ಬರ್ತೈತೇನು, ಹುಡುಗ್ಯಾರ ಕಡೆ ಚಿಲಕ ಐತೇನು. ಕ್ಲಾಸಿನ್ಯಾಗ ತಲಿ ಎಣಸ್ರಿ, 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಪ್ರಕಾರ ಐದನೇತ್ತೆ ತನಕ 30 ಹುಡುಗುರಿಗೆ ಒಬ್ರು ಟೀಚರ್ ಬೇಕು, ಹೊಡಿಯೂದು, ಮನಸ್ಸಿಗೆ ನೋವಾಗಂಗ ಮಾಡೂದು ಎರಡೂ ಆ ಕಾಯ್ದೆದಾಗ ನಿಷೇಧ. ಸರ್ಕಾರಿ ಸಾಲಿ ಆದ್ರ ಎಸ್‌ಡಿಎಂಸಿ (ಪಾಲಕರು ಇರೂ ಸಾಲಿ ಉಸ್ತುವಾರಿ ಸಮಿತಿ) ಮೀಟಿಂಗ್ ಯಾವಾಗ ಆತು, ಪಾಲಕರು ಮಾತಾಡ್ತಾರೋ ಬರೇ ಸಹಿ ಹಾಕಿ ಚಾ ಕುಡದ ಹೋಗ್ತಾರೋ ಕೇಳ್ರಿ.

ರಿಸಲ್ಟ್ ಬೋರ್ಡ್‌ಗೆ ಮರುಳಾಗಬ್ಯಾಡ್ರಿ. 625ಕ್ಕ 620 ತಗೊಂಡಾಕಿ ಫೋಟೊ ಇರ್ತೈತಿ, ಸರಿ, ಆದ್ರ ಒಂಬತ್ತನೇತ್ತೆದಾಗ ಎಷ್ಟ ಹುಡುಗುರು ಇದ್ರು, ಹತ್ತನೇತ್ತೆ ಪರೀಕ್ಷಾಕ್ಕ ಎಷ್ಟ ಮಂದಿ ಕುಂತ್ರು ಕೇಳ್ರಿ, ಓದಿನ್ಯಾಗ ಹಿಂದ ಇದ್ದವರಿಗೆ ನಡುವ ಟಿಸಿ ಕೊಟ್ಟು ಕಳಿಸಿದ್ರ ಪರ್ಸೆಂಟೇಜ್ ತಾನ ಏರ್ತೈತಿ. ಮತ್ತ ಫೀ ಕಟ್ಟೂ ಮನ್ಯಾಗ ಟ್ಯೂಷನ್ನೂ ಇರ್ತೈತಿ, ಓದಿದ ಅವ್ವನೂ ಇರ್ತಾಳ, ಆ ಮಾರ್ಕ್ಸ್ ಎಲ್ಲಾ ಸಾಲಿದ ಅನ್ನೂದ ಹೆಂಗ? ಆಂಧ್ರದಾಗ ಹಳ್ಳಿ ಹುಡುಗುರನ್ನ ಲಾಟರಿ ಎತ್ತಿ ಪ್ರೈವೇಟ್ ಸಾಲಿಗೆ ಕಳಿಸಿ ನೋಡಿದ್ರು, ನಾಕ ವರ್ಷ ಆದ್ಮ್ಯಾಲೆ ಲಾಟರಿ ಹತ್ತದ ಹುಡುಗುರಿಗೂ ಇವರಿಗೂ ತೆಲುಗು, ಗಣಿತದಾಗ ಅಂಥಾ ಫರಕ್ ಇರ್ಲಿಲ್ಲ, ಹಿಂದಿ ಮಾತ್ರ ಮುಂದ ಇತ್ತು.

ಕಡೀಕ ಒಂದು. ಹಾಕಿದ ಮ್ಯಾಲೆ ದಿನಾ ಸಂಜಿಕ 'ಏನ್ ಕಲಸಿದ್ರು' ಅಂತ ಕೇಳಬ್ಯಾಡ್ರಿ, 'ಇವತ್ತ ಟೀಚರ್‌ಗೆ ಏನ್ ಪ್ರಶ್ನೆ ಕೇಳ್ದಿ' ಅನ್ರಿ. ಹದಿನೈದ ದಿನ ಒಂದೂ ಕೇಳಿಲ್ಲ ಅಂದ್ರ, ಡೊನೇಷನ್ ಎಷ್ಟ ಕೊಟ್ಟೀರಿ ಅನ್ನೂದ ಬಿಡ್ರಿ, ಹೋಗಿ ಟೀಚರ್ ಜೋಡಿ ಕುಂತು ಮಾತಾಡ್ರಿ.