ಹೊಸ ರಿವಾಲ್ವರ್, ಸಿಲಿಂಡರ್ ಸುತ್ತ ಗೆರೆ

ಹೊಸ ರಿವಾಲ್ವರ್ ತಂದವರು ಮೊದಲು ಕೇಳೋದು ಇದನ್ನೇ: "ಸಿಲಿಂಡರ್ ಸುತ್ತ ಬೆಳ್ಳಗೆ ಗೆರೆ ಬಿದ್ದಿದೆ, ಅಂಗಡಿಯವನು ಹಳೇದನ್ನ ಕೊಟ್ಟು ಟೋಪಿ ಹಾಕಿದ್ನಾ?" ಸಿಲಿಂಡರ್ ಅಂದರೆ ಗುಂಡು ತುಂಬೋ, ತಿರುಗೋ ಉರುಳೆ. ಆತ್ಮರಕ್ಷಣೆ ಲೈಸೆನ್ಸ್ ಮೇಲೆ ಪಾಯಿಂಟ್ 32 ರಿವಾಲ್ವರ್ ತಗೊಂಡಾಗ ನನಗೂ ಅದೇ ಅನುಮಾನ ಬಂದಿತ್ತು. ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಮನೆಯಲ್ಲಿ ಬೆಳೆ ರಕ್ಷಣೆಯ ಜೋಡಿ ನಳಿಗೆ ಕೋವಿ ಮೊದಲಿಂದಲೂ ಇದೆ, ಅದರ ಮೈ ಎಲ್ಲಾ ಉಜ್ಜಿ ಬೆಳ್ಳಗಾಗಿದ್ದರೂ ಯಾರೂ ತಲೆ ಕೆಡಿಸಿಕೊಂಡಿಲ್ಲ. ಹೊಸದಕ್ಕೆ ಮಾತ್ರ ಒಂದು ಗೀರು ಬಿದ್ದರೂ ಹೊಟ್ಟೆ ಉರಿಯುತ್ತೆ, ಅಲ್ವಾ?

ಮೊದಲು ಸಿಲಿಂಡರ್ ತೆರೆದು ಒಂದೊಂದೇ ಕೋಣೆ ಬೆರಳಿಟ್ಟು ನೋಡಿ ಖಾಲಿ ಅಂತ ಖಚಿತ ಮಾಡಿಕೊಂಡೆ. ಆಮೇಲೆ ಕಿಟಕಿ ಬೆಳಕಿನಲ್ಲಿ ಕೂತು, ಎಲ್ಲೆಲ್ಲಿ ಸವೆದಿದೆ ಅಂತ ನೋಡಿದೆ. ಎಷ್ಟು ಸವೆದಿದೆ ಅನ್ನೋದಕ್ಕಿಂತ ಎಲ್ಲಿ ಸವೆದಿದೆ ಅನ್ನೋದೇ ಜಾಸ್ತಿ ಹೇಳುತ್ತೆ.

ಸಿಲಿಂಡರ್ ಸುತ್ತಲಿನ ಗೆರೆಗೆ ಕಾರಣ ಕೆಳಗಿರೋ ಒಂದು ಸಣ್ಣ ಉಕ್ಕಿನ ತುಂಡು. ಟ್ರಿಗರ್ ಎಳೆದಾಗ ಅದು ಕೆಳಗಿಳಿದು ಸಿಲಿಂಡರನ್ನ ಬಿಡುತ್ತೆ, ಮತ್ತೆ ಮೇಲೆದ್ದು ಸಿಲಿಂಡರ್ ಮೈಮೇಲಿನ ಮುಂದಿನ ಕಚ್ಚು (ಸಣ್ಣ ತೋಡು) ಸಿಗೋವರೆಗೆ ಮೈ ಉಜ್ಜಿಕೊಂಡೇ ಹೋಗುತ್ತೆ, ಕಚ್ಚು ಸಿಕ್ಕಿದ ಕೂಡಲೇ ಟಕ್ ಅಂತ ಒಳಗೆ ಕೂರುತ್ತೆ. ಅದು ಉಜ್ಜಿದ ದಾರಿಯೇ ಆ ಗೆರೆ. ಕಾರ್ಖಾನೆಯಲ್ಲಿ ಪರೀಕ್ಷೆಗೆ ಗುಂಡು ಹಾರಿಸಿದಾಗಲೇ ಅದು ಶುರುವಾಗಿರುತ್ತೆ, ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳು ಟ್ರಿಗರ್ ಎಳೆದು ನೋಡಿದರೆ ಇನ್ನಷ್ಟು ಎದ್ದು ಕಾಣುತ್ತೆ. ನನ್ನದರಲ್ಲಿ ಗೆರೆ ತೆಳ್ಳಗಿತ್ತು, ಉಗುರು ಎಳೆದರೆ ಸಿಕ್ಕಿಕೊಳ್ಳಲಿಲ್ಲ, ಕಚ್ಚುಗಳ ಅಂಚು ಚೂಪಾಗೇ ಇತ್ತು. ಅಂಚು ಜಜ್ಜಿದ ಹಾಗಿದ್ದರೆ, ಇಲ್ಲಾ ಗೆರೆ ಉಗುರಿಗೆ ಸಿಗುವಷ್ಟು ಆಳ ಇದ್ದರೆ ಅದು ಬೇರೆ ಮಾತು, ಆಗ ವಾಪಸ್ ತಗೊಂಡು ಹೋಗಲೇಬೇಕು. ಸಿನಿಮಾದಲ್ಲಿ ಮಾಡೋ ಹಾಗೆ ಸಿಲಿಂಡರನ್ನ ಗಿರ್ರನೆ ತಿರುಗಿಸಿ ಒಂದೇ ಕೈಲಿ ಪಟ್ಟಂತ ಮುಚ್ಚೋರಿಗೆ ಆ ಗತಿ ಬೇಗ ಬರುತ್ತೆ.

ಸಿಲಿಂಡರಿನ ಮುಂದಿನ ಮುಖದಲ್ಲಿ ಕಪ್ಪು ಉಂಗುರಗಳೂ ಇದ್ದವು. ಅದು ಮದ್ದಿನ ಮಸಿ. ಬಿಟ್ಟುಬಿಟ್ಟೆ.

ನನಗೆ ಇಷ್ಟವಾಗದೇ ಇದ್ದದ್ದು ಎರಡು. ನಳಿಗೆಯ ತುದಿಯಲ್ಲಿ ಎರಡೂ ಪಕ್ಕ ಸ್ವಲ್ಪ ಬಣ್ಣ ಹೋಗಿತ್ತು, ಅದು ಚರ್ಮದ ಚೀಲಕ್ಕೆ ಹಾಕಿ ತೆಗೆದ ಗುರುತು. ಇನ್ನೊಂದು, ಎಡಗಡೆ ಮೈ ಮೇಲೆ ಕಂದು ಬಣ್ಣದ ಒಂದು ಕಲೆ. ಓರೆಯಾಗಿ ಹಿಡಿದು ನೋಡಿದರೆ ಹೆಬ್ಬೆರಳಿನ ಗೆರೆಗಳೂ ಕಾಣುತ್ತಿದ್ದವು! ಯಾರದೋ ಬೆವರಿನ ಉಪ್ಪು ಅಲ್ಲೇ ಕೂತು ತುಕ್ಕಾಗಿತ್ತು. ಅಂಗಡಿಯವರಿಗೆ ಫೋಟೋ ಕಳಿಸಿದೆ. ಶೋಕೇಸಲ್ಲಿ ಇಟ್ಟಿದ್ದ ಪೀಸು, ಸುಮಾರು ಜನ ಮುಟ್ಟಿದ್ದಾರೆ ಅಂತ ಒಪ್ಪಿಕೊಂಡರು, ಬೇಕಾದರೆ ಬದಲಾಯಿಸಿ ಕೊಡ್ತೀವಿ ಅಂದರು. ರಿವಾಲ್ವರಿನ ನಂಬರ್ ಆಗಲೇ ಲೈಸೆನ್ಸಿಗೆ ಹತ್ತಿತ್ತು. ಒಂದು ಕಲೆಗಾಗಿ ಮತ್ತೆ ಕಚೇರಿ ಸುತ್ತೋ ಉಸಾಬರಿ ಬೇಡ ಅಂತ ಇಟ್ಟುಕೊಂಡೆ.

ರಿವಾಲ್ವರ್ ಮೈಯ ಆ ಕಪ್ಪು ಬಣ್ಣಕ್ಕೆ ಬ್ಲೂಯಿಂಗ್ ಅಂತಾರೆ, ಅದು ಪೇಂಟ್ ಥರ ಮೇಲೆ ಬಳಿದಿದ್ದಲ್ಲ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಉಪ್ಪು ಸೇರಿಸಿದ ನೀರು ಸುಮಾರು 140 ಡಿಗ್ರಿಯಲ್ಲಿ ಕುದೀತಿರುತ್ತೆ, ಅದರಲ್ಲಿ ಅದ್ದಿದಾಗ ಉಕ್ಕಿನ ಮೇಲ್ಮೈಯೇ ಮ್ಯಾಗ್ನಟೈಟ್ ಅನ್ನೋ ಕಪ್ಪು ಆಕ್ಸೈಡ್ ಆಗುತ್ತೆ. ದಪ್ಪ ಬರೀ ಒಂದೆರಡು ಮೈಕ್ರಾನ್ ಆಸುಪಾಸು. ಅದಷ್ಟೇ ತುಕ್ಕು ತಡೆಯಲ್ಲ. ಪಳಗಿದ ದೋಸೆ ಕಾವಲಿ ಥರ ಎಣ್ಣೆ ಹಿಡಿದುಕೊಂಡಿದ್ದರೆ ಮಾತ್ರ ಕೆಲಸಕ್ಕೆ ಬರುತ್ತೆ.

ಹಾಗಾಗಿ ಕಲೆ ಮೇಲೆ ಗನ್ ಆಯಿಲ್ ಹಾಕಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ನಾಲ್ಕು ಸೊನ್ನೆ ನಂಬರಿನ ಸ್ಟೀಲ್ ವೂಲ್, ಅಂದರೆ ತೀರಾ ನಯವಾದದ್ದು, ಅದನ್ನ ಎಣ್ಣೆಯಲ್ಲಿ ನೆನೆಸಿ ಹಗುರಕ್ಕೆ ಉಜ್ಜಿದೆ. ಭಾರ ಹಾಕಬಾರದು. ಬಟ್ಟೆಗೆ ಕಂದು ಬಂತು, ಕೆಳಗಿನ ಕಪ್ಪು ಹಾಗೇ ಉಳಿಯಿತು, ಪಕ್ಕಕ್ಕೆ ಹಿಡಿದರೆ ಮಾತ್ರ ಸ್ವಲ್ಪ ಮಂಕು ಕಾಣುತ್ತೆ. ಪಾತ್ರೆ ತಿಕ್ಕೋ ಉಕ್ಕಿನ ನಾರು, ಹಿತ್ತಾಳೆ ಪಾಲಿಶ್, ಮರಳು ಕಾಗದ ಇವು ಹತ್ತಿರವೂ ಬರಬಾರದು. ತೆಂಗಿನೆಣ್ಣೆಯೂ ಬೇಡ, ಹಚ್ಚಿ ಬಿಟ್ಟರೆ ಅಂಟಂಟಾಗುತ್ತೆ.

ಬಣ್ಣ ಹೋದ ಕಡೆಗೆ ಕೋಲ್ಡ್ ಬ್ಲೂ, ಅಂದರೆ ಕುದಿಸದೆ ಬಾಟಲಿಯಿಂದಲೇ ಹಚ್ಚೋ ದ್ರಾವಣ, ಹಚ್ಚು ಅಂತ ಹೇಳಿದವರು ಬಹಳ ಜನ. ನಾನು ಹಚ್ಚಲಿಲ್ಲ. ಅದರ ಬಣ್ಣ ಮೂಲ ಬಣ್ಣಕ್ಕೆ ಹೊಂದೋದು ಕಷ್ಟ, ಬೇಗ ಉಜ್ಜಿ ಹೋಗುತ್ತೆ, ಅನೇಕ ಬಾಟಲಿಗಳಲ್ಲಿ ಸೆಲೆನಿಯಂ ಇರೋದರಿಂದ ಕೈಗೂ ಒಳ್ಳೇದಲ್ಲ. ಸಿಲಿಂಡರ್ ಗೆರೆಗಂತೂ ಹಚ್ಚಿ ಪ್ರಯೋಜನವೇ ಇಲ್ಲ, ನಾಲ್ಕು ಸಲ ಟ್ರಿಗರ್ ಎಳೆದರೆ ಮತ್ತೆ ಅಲ್ಲೇ ಹಾಜರ್. ಪೂರ್ತಿ ಹೊಸದಾಗಿ ಬ್ಲೂ ಮಾಡಿಸಬೇಕು ಅಂದರೆ ಲೈಸೆನ್ಸ್ ಇರೋ ಕೆಲಸಗಾರರ ಹತ್ತಿರವೇ ಕೊಡಬೇಕು. ಅಲ್ಲೂ ಮೊದಲು ಪಾಲಿಶ್ ಮಾಡುತ್ತಾರೆ, ಕೈ ಸರಿಯಿಲ್ಲದವರು ಮಾಡಿದರೆ ಅಂಚುಗಳು ದುಂಡಗಾಗಿ ಅಕ್ಷರ, ನಂಬರ್ ಮಸುಕಾಗುತ್ತವೆ. ನಂಬರ್ ಅಳಿಸೋದು 1959ರ ಆಯುಧ ಕಾಯ್ದೆ ಪ್ರಕಾರ ಅಪರಾಧ, ಅದು ನೆನಪಿರಲಿ.

ನಮ್ಮ ಕಡೆ ನಿಜವಾದ ಶತ್ರು ಮಳೆಗಾಲ. ಜೂನ್ ಬಂತು ಅಂದರೆ ಬೀರುವಿನಲ್ಲಿರೋ ಬೆಲ್ಟಿಗೂ ಬೂಷ್ಟು ಹಿಡಿಯುತ್ತೆ. ಚರ್ಮ ತೇವ ಎಳೆದುಕೊಳ್ಳುತ್ತೆ ಅಂತ ಚರ್ಮದ ಚೀಲದಲ್ಲಿ ಇಡೋದೇ ಇಲ್ಲ. ಎಣ್ಣೆ ಬಟ್ಟೆಯಲ್ಲಿ ಸುತ್ತಿ ಸಿಲಿಕಾ ಜೆಲ್ ಚೀಲದ ಜೊತೆ ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿ ಇಡುತ್ತೇನೆ, ಒಳಗೆ ಒಂದು ಸಣ್ಣ ಬಲ್ಬ್ ಉರೀತಿರುತ್ತೆ. ಯಾರು ಮುಟ್ಟಿದರೂ ಒರೆಸಿಯೇ ಒಳಗೆ ಹೋಗಬೇಕು.

ಆಯುಧ ಪೂಜೆ ಇನ್ನೊಂದು ಫಜೀತಿ. ಒದ್ದೆ ಗಂಧ, ಕುಂಕುಮ, ಹೂವಿನ ನೀರು ಎಲ್ಲಾ ಉಕ್ಕಿನ ಮೇಲೆ, ಪಕ್ಕದಲ್ಲೇ ನಿಂಬೆಹಣ್ಣು ಹೋಳು. ನಿಂಬೆ ರಸ ಬಿದ್ದರೆ ಬ್ಲೂಯಿಂಗ್ ಕಥೆ ಮುಗೀತು, ಹುಳಿಗೆ ಆ ಕಪ್ಪು ತಡೆಯಲ್ಲ. ಅಮ್ಮನಿಗೆ ಹೇಳಿದರೆ "ಕುಂಕುಮ ಇಡದೆ ಎಂಥ ಪೂಜೆನೋ?" ಅಂದರು. ಕೊನೆಗೆ ಮರದ ಹಿಡಿ ಮೇಲೆ ಒಂದೇ ಬೊಟ್ಟು, ಹೂವು ತಟ್ಟೆಯಲ್ಲಿ, ನಿಂಬೆಹಣ್ಣು ಜೀಪಿಗೆ ಅಂತ ಒಪ್ಪಂದವಾಯಿತು.

ಚುನಾವಣೆ ಬಂದಾಗ ಪೊಲೀಸ್ ಸ್ಟೇಷನ್ನಿನಲ್ಲಿ ಡಿಪಾಜಿಟ್ ಮಾಡಿ ಅಂತ ಆದೇಶ ಬಂದರೆ, ಅಲ್ಲಿ ಎಷ್ಟು ದಿನ ಹೇಗೆ ಇರುತ್ತೋ ನಮ್ಮ ಕೈಲಿಲ್ಲ. ಹಾಗಾಗಿ ಮೈಗೆಲ್ಲಾ ಗ್ರೀಸ್ ಬಳಿದು, ನಳಿಗೆ ತುದಿ, ಎಡಗಡೆ ಮೈ, ಸಿಲಿಂಡರ್ ಎಲ್ಲದರ ಫೋಟೋ ತೆಗೆದು ಕೊಡುತ್ತೇನೆ. ವಾಪಸ್ ತಗೊಳ್ಳುವಾಗ ಅದಕ್ಕೆ ಸುತ್ತಿದ ಬಟ್ಟೆಯನ್ನ ಅಲ್ಲೇ ಬಿಚ್ಚಿ, ರಸೀದಿಯ ನಂಬರ್ ಮತ್ತು ಫೋಟೋ ಎರಡನ್ನೂ ತಾಳೆ ನೋಡಿಯೇ ಸಹಿ ಹಾಕೋದು.